ಕೌದಿಗೂ ಒಂದು ಲೆಕ್ಕದ ಪುಸ್ತಕ ಬೇಕು

ಬೇಮಳಖೇಡದಿಂದ ಬಸವಕಲ್ಯಾಣದವರೆಗೆ ನಮ್ಮ ಭಾಗದಲ್ಲಿ ಕೌದಿಯ ಪರಿಚಯವಿಲ್ಲದ ಮನೆ ಅಪರೂಪ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರು ಪದರಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಹೆಣ್ಣುಮಕ್ಕಳು ಅದನ್ನು ಸಿದ್ಧಪಡಿಸುತ್ತಾರೆ. ಹೊದ್ದವರಿಗೆ ಅದು ಬೆಚ್ಚನೆಯ ಹೊದಿಕೆ. ಪೇಟೆಯ ಕಣ್ಣಿಗೆ ಮಾತ್ರ ಅದಿನ್ನೂ ಸರಕೆನಿಸಿಲ್ಲ. ಹೊಲಿದವರಿಗೆ ಕೂಲಿ ಸಂದರೂ ಹೆಸರು ಉಳಿಯುವುದಿಲ್ಲ. ಈ ಲೋಪವನ್ನು ತಿದ್ದುವ ಹೊಣೆ ವರ್ತಕರಾದ ನಮ್ಮ ಮೇಲೂ ಇದೆಯೆಂಬುದು ನನ್ನ ಅಭಿಪ್ರಾಯ.

ವಸ್ತ್ರವನ್ನು ಹೆಸರಿಟ್ಟು ಗೌರವಿಸುವುದು ಈ ನೆಲಕ್ಕೆ ಹೊಸತಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಭಾಗವಿದ್ದು, ಬಟ್ಟೆಗಳನ್ನು ಅವು ಬಂದ ಊರು, ನಾಡುಗಳ ಸಹಿತ ವರ್ಣಿಸಲಾಗಿದೆ. ವಚನಕಾರ ಜೇಡರ ದಾಸಿಮಯ್ಯನಿಗೆ ನೇಯ್ಗೆಯ ಕಾಯಕವೇ ಹೆಸರಿನ ಭಾಗವಾಯಿತು. ನಮ್ಮ ಜಿಲ್ಲೆಯ ಬಿದರಿ ಕಲೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಅದರ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸಂಡೂರಿನ ಲಂಬಾಣಿ ಕಸೂತಿಯೂ ಅಂಥದೇ ಮನ್ನಣೆ ಪಡೆದಿದೆ. ನಮ್ಮ ಕೌದಿ ಮಾತ್ರ ಅನಾಮಧೇಯವಾಗಿಯೇ ಉಳಿದಿದೆ.

ಇಂದು ಜಗತ್ತಿನ ಕಲಾ ಸಂಗ್ರಹಾಲಯಗಳು ನೂಲು, ಬಟ್ಟೆ, ಹೊಲಿಗೆಗಳನ್ನು ಚಿತ್ರಕಲೆಯ ಸಮಕ್ಕೆ ಗೋಡೆಗೇರಿಸುತ್ತಿವೆ. ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಸಣ್ಣ ಊರಿನ ಕಪ್ಪು ಜನಾಂಗದ ಮಹಿಳೆಯರು ಹಳೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಲ್ಲಿನ ಅಂಚೆಚೀಟಿಗಳ ಮೇಲೂ ಮೂಡಿದವು. ಆದರೆ 2007ರಲ್ಲಿ ಅವರಲ್ಲಿ ಕೆಲವರು ತಮಗೆ ನ್ಯಾಯವಾದ ಪಾಲು ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಕೀರ್ತಿ ಬರುವ ಮೊದಲೇ ಕರಾರು ಬರಹದಲ್ಲಿರಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಎಲ್ಲ ಕೌದಿಗೂ ಕಲೆಯ ಬೆಲೆ ದೊರೆಯದು ಎಂಬ ಆಕ್ಷೇಪ ನ್ಯಾಯವಾದುದೇ. ತೆರಿಗೆಯ ತೊಡಕೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ 2,500 ರೂ.ವರೆಗಿನ ಹತ್ತಿಯ ರಜಾಯಿಗೆ ಶೇ. 5, ಅದನ್ನು ಮೀರಿದರೆ ಶೇ. 18 ತೆರಿಗೆ. ಕೌದಿಯನ್ನು ಈ ವರ್ಗದಲ್ಲಿ ಎಣಿಸಿದರೆ, ತಿಂಗಳುಗಟ್ಟಲೆಯ ಕೈಗೆಲಸಕ್ಕೆ ತಕ್ಕ ಬೆಲೆ ಕಟ್ಟಿದೊಡನೆ ತೆರಿಗೆಯೂ ಮೂರು ಪಟ್ಟು ಮೀರುತ್ತದೆ. ಕೈಹೊಲಿಗೆಯ ಕೌದಿಗೆ ರಿಯಾಯಿತಿ ಕೋರಿ ನಮ್ಮ ಸಂಸ್ಥೆಯು ಸರ್ಕಾರಕ್ಕೆ ಮನವಿ ಸಲ್ಲಿಸುವುದು ಉಚಿತ.

ಸರ್ಕಾರದ ದಾರಿ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಜವಳಿ ಅಂಗಡಿಗಳೂ ಸಿದ್ಧ ಉಡುಪಿನ ಘಟಕಗಳೂ ಉಳಿದ ತುಂಡುಗಳನ್ನು ಹೊಲಿಯುವವರಿಗೆ ಒದಗಿಸಲಿ. ಪ್ರತಿ ಕೌದಿಗೂ ಹೊಲಿದವರ ಹೆಸರು, ಊರು, ಹಿಡಿದ ದಿನಗಳನ್ನು ಬರೆದ ಚೀಟಿಯಿರಲಿ. ಅದೇ ವಿವರ ವರ್ತಕನ ಪುಸ್ತಕದಲ್ಲೂ ದಾಖಲಾಗಲಿ. ಮರುಮಾರಾಟದಲ್ಲಿ ಅವರ ಪಾಲೆಷ್ಟೆಂಬುದು ಮೊದಲೇ ಬರಹದಲ್ಲಿರಲಿ. ಹೈದರಾಬಾದ್–ಪುಣೆ ಹೆದ್ದಾರಿಯ ಮಗ್ಗುಲಲ್ಲೇ ಇರುವ ನಮಗೆ ಗಿರಾಕಿ ದೂರವಿಲ್ಲ.

ಹೊಲಿಯಬಲ್ಲ ಹಿರಿಯ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ತಾಯಿಯ ದುಡಿಮೆಗೆ ತಕ್ಕ ಬೆಲೆ ಕಂಡರೆ ಮಾತ್ರ ಮಗಳು ಸೂಜಿ ಹಿಡಿದಾಳು. ಸದಸ್ಯ ಬಾಂಧವರು ಈ ಬಗ್ಗೆ ಆಲೋಚಿಸಬೇಕೆಂದು ನನ್ನ ವಿನಂತಿ.