ಮೆದುಳಿನ ಬಯಾಪ್ಸಿ: ಹೆದರಿಕೆ ಬೇಡ

ಸ್ಕ್ಯಾನಿನಲ್ಲಿ ಮೆದುಳಿನೊಳಗೆ ಗಡ್ಡೆ ಕಂಡಿತೆಂದರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಆದರೆ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಕ್ಷಯರೋಗದಿಂದಲೂ ಮೆದುಳಿನಲ್ಲಿ ಗಡ್ಡೆಯಾಗುವುದುಂಟು. ಅದು ಔಷಧಿಯಿಂದ ಗುಣವಾಗಬಲ್ಲದು. ಸ್ಕ್ಯಾನ್ ನೋಡಿ ಖಚಿತವಾಗಿ ಹೇಳಲಾಗದಿದ್ದಾಗ ಗಡ್ಡೆಯ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಇದೇ ಬಯಾಪ್ಸಿ.

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಸೂಜಿ ಇಳಿಸುತ್ತಾರೆ. ಸೂಜಿಗೆ ದಾರಿ ತೋರಿಸಲು ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದು, ತಲೆಗೆ ಲೋಹದ ಚೌಕಟ್ಟು ಬಿಗಿದು, ಸ್ಕ್ಯಾನ್ ಮಾಡಿ ಅಳತೆ ಹಿಡಿಯುವುದು. 1947ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು ಮನುಷ್ಯರಿಗೆ ಇಂತಹ ಚೌಕಟ್ಟನ್ನು ಬಳಸಿದ್ದನ್ನು ಪ್ರಕಟಿಸಿದರು. ಇನ್ನೊಂದು, ಈ ಚೌಕಟ್ಟಿಲ್ಲದೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಚಿತ್ರವನ್ನೇ ನಕ್ಷೆಯಾಗಿಸಿಕೊಂಡು ಸಾಗುವ ನ್ಯಾವಿಗೇಶನ್.

ಯಾವುದು ಹೆಚ್ಚು ನಿಖರ? ಚೌಕಟ್ಟಿನಲ್ಲಿ ಗುರಿ ತಪ್ಪುವುದು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್. ನ್ಯಾವಿಗೇಶನ್‌ನಲ್ಲಿ ತುಸು ಹೆಚ್ಚು. ಆದರೂ ರೋಗ ಪತ್ತೆ ಮಾಡುವಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ. ಗಡ್ಡೆ ತೀರಾ ಚಿಕ್ಕದಾಗಿದ್ದು ಆಳದಲ್ಲಿದ್ದರೆ ಅನೇಕ ವೈದ್ಯರು ಚೌಕಟ್ಟನ್ನೇ ಆರಿಸುತ್ತಾರೆ. ರಕ್ತಸ್ರಾವದ ಅಪಾಯ ಎರಡರಲ್ಲೂ ಸ್ವಲ್ಪ ಇದೆ.

ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿರಿ: ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳದಲ್ಲಿದೆ, ನಿಮಗೆ ಯಾವ ವಿಧಾನ ಹೆಚ್ಚು ರೂಢಿ? ಚೌಕಟ್ಟಿನ ಹೆಸರು ಕೇಳಿಯೇ ಹೆದರಿ ಪರೀಕ್ಷೆಯನ್ನು ಮುಂದೂಡಬೇಡಿ. ರೋಗ ಯಾವುದೆಂದು ತಿಳಿದರೆ ತಾನೇ ಸರಿಯಾದ ಚಿಕಿತ್ಸೆ?