ಹಾಡಿಗೆ ಐದು ಬಲ್ಬು, ಊರಿಗೆ ಇನ್ನೂರು ಯೂನಿಟ್ಟು

ಹಾಡಿಗೆ ಬೆಳಕು ಕೊಟ್ಟೆವು ಅಂತ ಭಾಷಣ ಮಾಡುವವರು ಮೊದಲು ಲೆಕ್ಕ ಒಪ್ಪಿಸಲಿ. ಕೊಟ್ಟವರ ಹೆಸರಿನ ಪಟ್ಟಿ ನಮಗೆ ಬೇಡ. ಅದು ಹೇಗೂ ತಗಡಿನ ಬೋರ್ಡಿನ ಮೇಲೆ ಬಲ್ಬಿಗಿಂತ ಹೆಚ್ಚು ದಿನ ಬಾಳುತ್ತದೆ. ಮೂರು ಮಳೆಗಾಲ ಕಳೆದ ಮೇಲೆ ಎಷ್ಟು ದೀಪ ಉರಿಯುತ್ತಿವೆ? ಬ್ಯಾಟರಿ ಸತ್ತಾಗ ಯಾರು ಬಂದರು? ಬರದಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು? ಈ ಲೆಕ್ಕ ಬೇಕು.

2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಊರಿಗೆ ಕರೆಂಟು ಮುಟ್ಟಿತು, ಇನ್ನು ದೇಶದಲ್ಲಿ ಕತ್ತಲೆಯ ಹಳ್ಳಿಯೇ ಇಲ್ಲ ಎಂದು ದಿಲ್ಲಿ ಸಾರಿತು. ಸರ್ಕಾರದ ಪುಸ್ತಕದಲ್ಲಿ ‘ವಿದ್ಯುದೀಕರಣಗೊಂಡ ಹಳ್ಳಿ’ ಅಂದರೆ ಏನು ಗೊತ್ತೆ? ಶಾಲೆ, ಪಂಚಾಯ್ತಿಯಂಥ ಕಟ್ಟಡಗಳ ಜೊತೆಗೆ ನೂರಕ್ಕೆ ಹತ್ತು ಮನೆಗೆ ಕರೆಂಟು ಇದ್ದರೆ ಸಾಕು. ಆ ಹತ್ತು ಮನೆ ಯಾರವು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಬ ಯಾವ ಬೀದಿಯಿಂದ ಶುರುವಾಗುತ್ತದೆ, ಯಾವ ಬೀದಿಗೆ ಬರುವ ಹೊತ್ತಿಗೆ ತಂತಿ ಮುಗಿದುಹೋಗುತ್ತದೆ ಅನ್ನೋದು ಕೇರಿಯಲ್ಲಿ ಹುಟ್ಟಿದ ನಮಗೆ ಅಕ್ಷರ ಕಲಿಯುವ ಮೊದಲೇ ಗೊತ್ತು. ಇನ್ನು ಜೇನುಕುರುಬರ ಎಷ್ಟೋ ಹಾಡಿ, ಸೋಲಿಗರ ಎಷ್ಟೋ ಪೋಡು ಕಂದಾಯ ಗ್ರಾಮದ ಪಟ್ಟಿಯಲ್ಲೇ ಇಲ್ಲ. ಇಲ್ಲದ ಊರಿನ ಕತ್ತಲೆಯನ್ನು ಯಾರು ಎಣಿಸುತ್ತಾರೆ?

ದೂರದ ಮನೆಗಳಿಗೆ ಸೋಲಾರ್ ಕೊಡುತ್ತೇವೆ ಅಂದರು. 2017ರ ಸೌಭಾಗ್ಯ ಯೋಜನೆಯಲ್ಲಿ ಮನೆಗೆ 200ರಿಂದ 300 ವಾಟಿನ ಪ್ಲೇಟು, ಒಂದು ಬ್ಯಾಟರಿ, ಐದು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಒಂದು ಪ್ಲಗ್ಗು, ಐದು ವರ್ಷದ ರಿಪೇರಿ. 2023ರ ನವೆಂಬರಿನಲ್ಲಿ ಪಿಎಂ-ಜನ್‌ಮನ್ ಬಂತು, ಅದರಲ್ಲೂ ಮನೆಗೆ ಅದೇ 300 ವಾಟು. ಅದೂ ‘ವಿಶೇಷ ದುರ್ಬಲ’ ಎಂಬ ಪಟ್ಟಿಯಲ್ಲಿ ಇರುವವರಿಗೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ಸೋಲಿಗರು ದುರ್ಬಲರಲ್ಲವಂತೆ!

ಈಗ ಬಾಯಿಲೆಕ್ಕ ಹಾಕೋಣ. 300 ವಾಟಿನ ಪ್ಲೇಟಿಗೆ ದಿನಕ್ಕೆ ನಾಲ್ಕು ಗಂಟೆ ಒಳ್ಳೆ ಬಿಸಿಲು ಬಿದ್ದರೆ ತಿಂಗಳಿಗೆ 36 ಯೂನಿಟ್ಟು. ಅದೇ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಆದರೆ ಅದಕ್ಕೆ ಆರ್.ಆರ್. ನಂಬರು ಬೇಕು, ಮೀಟರು ಬೇಕು. ಹಾಡಿಯ ಗುಡಿಸಲಿಗೆ ಪ್ಲೇಟಿದೆ, ಮೀಟರಿಲ್ಲ. ಪಟ್ಟಣದ ಮಹಡಿ ಮನೆಯ ಫ್ರಿಜ್ಜಿಗೆ, ಮಿಕ್ಸಿಗೆ ಸರ್ಕಾರದ ದುಡ್ಡು, ಕಾಡಿನ ಮಗುವಿಗೆ ಐದು ಬಲ್ಬು. ‘ಇವರಿಗೆ ಇಷ್ಟು ಸಾಕಲ್ವೇನ್ರಿ’ ಅನ್ನುವ ಆ ಮನಸ್ಸನ್ನು ನಾವು ಬಲ್ಲೆವು. ತೆಂಗಿನ ಚಿಪ್ಪಿನಲ್ಲಿ ಟೀ ಕೊಟ್ಟ ಮನಸ್ಸೇ ಅದು. ಚಿಪ್ಪಿನ ಆಕಾರ ಬದಲಾಗಿದೆ ಅಷ್ಟೆ.

36 ಯೂನಿಟ್ಟೂ ಕಾಗದದ ಮಾತು. ಹಾಡಿ ಇರೋದು ಮರದಡಿ. ಪ್ಲೇಟಿನ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಕರೆಂಟು ಆ ಮೂಲೆಯಷ್ಟೇ ಕಮ್ಮಿಯಾಗೋದಿಲ್ಲ, ಒಳಗಿನ ಬಿಲ್ಲೆಗಳು ಸರಪಣಿಯಂತೆ ಸೇರಿರುವುದರಿಂದ ಬಹುಪಾಲು ಇಳಿದುಬಿಡುತ್ತದೆ. ಕೊಡಗಿನ ಕಡೆ ಜೂನಿನಿಂದ ಮೋಡ ಕವಿದರೆ ಸೂರ್ಯ ಕಾಣುವುದೇ ಅಪರೂಪ. ಅರ್ಧ ತುಂಬಿದ ಬ್ಯಾಟರಿಯನ್ನು ರಾತ್ರಿ ಪೂರ್ತಿ ಖಾಲಿ ಮಾಡುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಆನೆ ಬರುವ ಹೊತ್ತಿಗೆ ಅಂಗಳದ ದೀಪ ಆರಿಸಿ ಬ್ಯಾಟರಿ ಉಳಿಸು ಅಂತ ಯಾರು ಹೇಳುತ್ತಾರೆ? ಪ್ಲೇಟಿಗೆ ಇಪ್ಪತ್ತೈದು ವರ್ಷ ಆಯುಸ್ಸು, ಆಸಿಡ್ ಬ್ಯಾಟರಿಗೆ ನಾಲ್ಕೋ ಐದೋ. ಮಿಕ್ಕ ಇಪ್ಪತ್ತು ವರ್ಷ ಆ ಪ್ಲೇಟು ಏನು ಮಾಡಬೇಕು? ಹಪ್ಪಳ ಒಣಗಿಸಲಿಕ್ಕಾದರೂ ಆದೀತು.

ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಬಡವರ ಮನೆಗೆ ಸಾಲದ ದಾರಿ ಮಾಡಿ, ಹತ್ತಿರದಲ್ಲೇ ರಿಪೇರಿಗೆ ಜನ ಇಟ್ಟು, ಇದು ಆಗುವ ಕೆಲಸ ಎಂದು ತೋರಿಸಿದೆ. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ‘ಬಡವರಿಗೆ ಕೊಟ್ಟರೆ ಹಾಳು ಮಾಡ್ತಾರೆ’ ಅನ್ನುವವರ ಬಾಯಿ ಅಲ್ಲಿಗೆ ಮುಚ್ಚಬೇಕಿತ್ತು. ಆದರೆ ಕಂಪನಿಯೊಂದು ಚೆನ್ನಾಗಿ ದುಡಿಯಿತು ಅಂತ ಸರ್ಕಾರ ಕೈತೊಳೆದುಕೊಳ್ಳುವ ಹಾಗಿಲ್ಲ.

ಬಿಸಿಲಿಗೂ ಜಾತಿ ಹತ್ತಿಕೊಂಡಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಿದೆ. ಜಮೀನಿದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ. ಆ ಜಮೀನಿನಲ್ಲಿ ಕೂಲಿ ಮಾಡಿ, ಕುರಿ ಮೇಯಿಸಿ ಬದುಕಿದ್ದ ಭೂಮಿಯಿಲ್ಲದವರಿಗೆ? ಬೇಲಿ.

ಕಬಿನಿಗೂ ಬನ್ನಿ. 1974ರಲ್ಲಿ ಅಣೆಕಟ್ಟು ಮುಗಿಯಿತು, ಕಾಡಿನ ಜನರ ನೆಲೆ ನೀರೊಳಗೆ ಹೋಯಿತು. ಈಗ ಅದರ ಬುಡದಲ್ಲಿ ಕರೆಂಟು ತಯಾರಾಗುತ್ತದೆ, ಹಿನ್ನೀರಿನ ದಂಡೆಯ ರೆಸಾರ್ಟುಗಳಲ್ಲಿ ರಾತ್ರಿಯಿಡೀ ಲೈಟು. ಹಾಡಿಗೆ ತಂತಿ ಎಳೆಯಿರಿ ಅಂದರೆ ಮಾತ್ರ ‘ಆನೆಗೆ ಶಾಕ್ ಹೊಡೀತದೆ’. ಆನೆ ಸಾಯಬಾರದು, ನಿಜ. ನೆಲದೊಳಗೆ ಕೇಬಲ್ ಹಾಕಲು ಬರೋದಿಲ್ಲವೆ?

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮನ್ನು ಮೇಷ್ಟ್ರುಗಳು ದಯವಿಟ್ಟು ಓದಿ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ರಸ್ತೆ, ಕುಡಿಯುವ ನೀರಿನ ಜೊತೆಗೆ ವಿದ್ಯುತ್ ತಂತಿಗೂ, ಸೋಲಾರಿನಂಥ ಇಂಧನಕ್ಕೂ ಕಾಡಿನ ಜಾಗ ಕೊಡಬಹುದು. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ತಂತಿಯೋ ಪ್ಲೇಟೋ, ಎಲ್ಲಿ, ಎಷ್ಟು ಅನ್ನೋದು ಹಾಡಿಯಲ್ಲಿ ಕೂತು ಮಾತಾಡಬೇಕಾದ ವಿಷಯ. ಇವತ್ತು ಆಗುತ್ತಿರೋದು ತಿರುಗುಮುರುಗು. ಲಾರಿ ಬರುತ್ತದೆ, ಪ್ಲೇಟು ಇಳಿಯುತ್ತದೆ, ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ.

ಗೆಳೆಯರೇ, ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಹತ್ತಿರದ ಹಾಡಿಗೆ ಒಂದು ನೋಟ್‌ಬುಕ್ ತಗೊಂಡು ಹೋಗಿ. ಪ್ಲೇಟು ಹಾಕಿದ ತಾರೀಕು, ಬ್ಯಾಟರಿ ನಿಂತ ತಾರೀಕು, ರಿಪೇರಿಯ ಗಡುವು ಎಂದಿಗೆ ಮುಗಿಯುತ್ತದೆ, ಎಲ್ಲ ಮನೆಮನೆ ಕೇಳಿ ಬರೆದುಕೊಳ್ಳಿ. ಯಜಮಾನರನ್ನು ಮುಂದೆ ಕೂರಿಸಿಕೊಂಡು ಗ್ರಾಮಸಭೆಯ ನಿರ್ಣಯ ಮಾಡಿಸಿ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಸೀಲು ಬೀಳುವ ತನಕ ಆಫೀಸಿನ ಮೆಟ್ಟಿಲಿಂದ ಏಳಬೇಡಿ.