‘ಅಡ್ಜಸ್ಟ್’ ಎಂಬ ಮಾತು

ಇಂಗ್ಲಿಷು ಕಲಿತವರೂ ಕಲಿಯದವರೂ ನಮ್ಮ ನಾಡಿನಲ್ಲಿ ಸರಿಸಮನಾಗಿ ಆಡುವ ಇಂಗ್ಲಿಷು ಮಾತುಗಳಲ್ಲಿ ‘ಅಡ್ಜಸ್ಟ್’ ಎಂಬುದೊಂದು. ಬಸ್ಸಿನಲ್ಲಿ ಮೂವರು ಕುಳಿತಿರುವ ಸೀಟಿನ ಬಳಿಗೆ ನಾಲ್ಕನೆಯವರು ಬಂದು ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎನ್ನುತ್ತಾರೆ. ಚಿಲ್ಲರೆಗೆ ಬದಲಾಗಿ ಎರಡು ಪೆಪ್ಪರಮಿಂಟು ಕೈಗಿಡುವ ಅಂಗಡಿಯವರೂ, ನೀರು ಬಾರದ ದಿನ ಮನೆಯ ಮಾಲಿಕರೂ ಹೇಳುವುದು ಅದನ್ನೇ. ಶಾಲೆಗಳಲ್ಲಿಯೂ ಈ ಪದಕ್ಕೆ ಉದ್ಯೋಗವುಂಟು. ಉಪಾಧ್ಯಾಯಿನಿಯೊಬ್ಬರು ರಜೆಯ ಮೇಲಿದ್ದರೆ ಅವರ ಪಾಠವನ್ನು ಬೇರೊಬ್ಬರಿಗೆ ಹಂಚುವುದಕ್ಕೆ ‘ಅಡ್ಜಸ್ಟ್‌ಮೆಂಟ್ ಪೀರಿಯಡ್’ ಎಂದು ಹೆಸರು. ಪ್ರತಿ ಬೆಳಿಗ್ಗೆ ಆ ಪುಸ್ತಕವನ್ನು ಬರೆಯುವ ಭಾರ ನಮ್ಮದು. ಆ ಪುಸ್ತಕ ಬರುವುದನ್ನು ಕಂಡೊಡನೆ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಎಲ್ಲರಿಗೂ ಏಕಕಾಲದಲ್ಲಿ ಉತ್ತರಪತ್ರಿಕೆ ತಿದ್ದುವ ಅವಸರ ಹುಟ್ಟುವುದನ್ನೂ ನಾವು ಬಲ್ಲೆವು.

ಇಷ್ಟು ಬಳಕೆಯಾಗಿರುವ ಮಾತನ್ನು ಒಮ್ಮೆ ತೂಗಿ ನೋಡುವುದು ಅಯುಕ್ತವಲ್ಲವೆಂದು ತಿಳಿದು, ಈ ಸ್ಮರಣ ಸಂಚಿಕೆಯಲ್ಲಿ ತಂದೆತಾಯಿಗಳಿಗೂ ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ನಾಲ್ಕು ಮಾತು ಬರೆಯುತ್ತಿದ್ದೇವೆ.

ಈ ಪದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಹಿಂದೆ ಇರುವುದು ಲ್ಯಾಟಿನಿನ ‘ಯುಕ್ಸ್ತಾ’, ಅಂದರೆ ಹತ್ತಿರ, ಬದಿಯಲ್ಲಿ. ಆದಕಾರಣ ಒಂದು ವಸ್ತುವನ್ನು ಮತ್ತೊಂದರ ಬಳಿಗೆ ತರುವುದೆಂಬುದೇ ಇದರ ಮೊದಲಿನ ಅರ್ಥ. ನ್ಯಾಯವಾದದ್ದು ಎಂಬ ಅರ್ಥವುಳ್ಳ ‘ಜಸ್ಟ್’ ಇದಕ್ಕೆ ತಾಯಿಯಲ್ಲ. ಧ್ವನಿಯ ಸಾಮ್ಯದಿಂದ ಜನರು ಎರಡನ್ನೂ ನೆಂಟರೆಂದು ಭಾವಿಸಿದರು, ಪದದ ರೂಪವೂ ಆ ಕಡೆಗೆ ವಾಲಿತು. ನಿಜವಾದ ನೆಂಟಸ್ತಿಕೆ ನಮ್ಮ ಕಡೆಗೇ ಇದೆ. ಸಂಸ್ಕೃತದ ‘ಯುಜ್’ ಧಾತುವಿಗೂ ಆ ಲ್ಯಾಟಿನ್ ಪದಕ್ಕೂ ಮೂಲವೊಂದೇ; ಯುಕ್ತ, ಯೋಗ, ಸಂಯೋಗ ಮೊದಲಾದವು ಆ ಮನೆತನದವು. ನೊಗಕ್ಕೆ ಇಂಗ್ಲಿಷಿನವರು ಹೇಳುವ ‘ಯೋಕ್’ ಎಂಬುದೂ ಹಾಗೆಯೇ. ನೊಗವೆಂದ ಮೇಲೆ ಎತ್ತುಗಳು ಎರಡು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಬಹಳ ಸಲ ಒಂದು ಕರ್ಮಪದವಿರುತ್ತದೆ. ಕನ್ನಡಕವನ್ನು, ಗಡಿಯಾರವನ್ನು, ಲೆಕ್ಕವನ್ನು ಅಡ್ಜಸ್ಟ್ ಮಾಡುತ್ತಾರೆ. ವಿಮೆಯ ಕಂಪೆನಿಯವರು ನಷ್ಟದ ಮೊತ್ತವನ್ನು ಪರಿಶೀಲಿಸಿ ಇತ್ಯರ್ಥಪಡಿಸುವುದಕ್ಕೂ ಇದೇ ಪದ. ನಮ್ಮ ಹೊಲಿಗೆಯ ತರಗತಿಯಲ್ಲಿ ಕಲಿತವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹೊಲಿಗೆಯಂತ್ರದಲ್ಲಿ ಮೇಲಿನ ದಾರದ ಬಿಗಿಗೆ ಒಂದು ತಿರುಪು, ಕೆಳಗಿನ ಬಾಬಿನ್ನಿನ ದಾರದ ಬಿಗಿಗೆ ಇನ್ನೊಂದು ಚಿಕ್ಕ ತಿರುಪು. ಎರಡು ದಾರಗಳೂ ಬಟ್ಟೆಯ ನಡುವೆ ಹೆಣೆದುಕೊಂಡರೆ ಹೊಲಿಗೆಯು ಎರಡು ಮಗ್ಗುಲಲ್ಲಿಯೂ ಒಂದೇ ತೆರನಾಗಿ ಕಾಣುತ್ತದೆ. ಮೇಲಿನ ದಾರ ಅತಿ ಬಿಗಿಯಾದರೆ ಅದು ಬಟ್ಟೆಯ ಮೇಲೆ ನೆಟ್ಟಗೆ ಮಲಗಿ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತದೆ. ಇನ್ನೂ ಬಿಗಿಸಿದರೆ ದಾರವೇ ಕಡಿಯುತ್ತದೆ. ಇದನ್ನು ತಿಳಿಯದೆ ಬಾಬಿನ್ನಿನ ತಿರುಪನ್ನೇ ಸಡಿಲಿಸುತ್ತ ಕೂರುವ ಹುಡುಗಿಗೆ ಹೊಲಿಗೆಯ ಉಪಾಧ್ಯಾಯಿನಿಯವರು ‘ಮೇಲಿನದನ್ನು ನೋಡಮ್ಮ’ ಎಂದು ಹೇಳಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಕರ್ಮವಿಲ್ಲದೆಯೂ, ತಾನೇ ಒಗ್ಗಿಕೊಳ್ಳುವುದು ಎಂಬ ಅರ್ಥದಲ್ಲಿ, ಈ ಪದ ನಡೆಯುತ್ತದೆ. ಕತ್ತಲೆಗೆ ಕಣ್ಣು ಒಗ್ಗುವುದು, ಹೊಸ ಊರಿಗೆ ಮನಸ್ಸು ಒಗ್ಗುವುದು ಎಂಬಲ್ಲಿ ಹೀಗೆ. ಅಲ್ಲಿ ಒಂದೇ ಪದ ಎರಡು ಕೆಲಸ ಮಾಡಿದರೆ ನಮ್ಮ ಕನ್ನಡ ಎರಡನ್ನೂ ಬೇರ್ಪಡಿಸಿ ಹೇಳುತ್ತದೆ: ‘ಹೊಂದಿಸು’ ಬೇರೆ, ‘ಹೊಂದಿಕೊಳ್ಳು’ ಬೇರೆ. ‘ಕೊಳ್ಳು’ ಎಂಬ ಆ ಬಾಲ ಬಂದೊಡನೆ ಕೆಲಸದ ಭಾರ ಮಾಡುವವರ ಮೈಮೇಲೆಯೇ ತಿರುಗಿ ಬೀಳುತ್ತದೆ. ಹೊರಗಿನಿಂದ ಬಂದ ಪದಕ್ಕೂ ಕನ್ನಡಿಗರು ಈ ವ್ಯಾಕರಣವನ್ನು ತಪ್ಪದೆ ಹಚ್ಚಿದ್ದಾರೆ. ಯಂತ್ರ ರಿಪೇರಿಯವನಿಗೆ ‘ಅಡ್ಜಸ್ಟ್ ಮಾಡು’ ಎನ್ನುತ್ತೇವೆ. ಮಗಳಿಗೆ ‘ಅಡ್ಜಸ್ಟ್ ಮಾಡಿಕೋ’ ಎನ್ನುತ್ತೇವೆ.

ನಮ್ಮ ಆಕ್ಷೇಪಣೆಯೆಲ್ಲವೂ ಇರುವುದು ಇಲ್ಲಿಯೇ. ಮನೆಯಲ್ಲಿ ಓದುವುದಕ್ಕೆ ಒಂದೇ ಮೇಜಿದ್ದರೆ ಅಣ್ಣನ ಪರೀಕ್ಷೆ ಮುಗಿಯುವ ಪರಿಯಂತ ತಂಗಿ ಅಡ್ಜಸ್ಟ್ ಮಾಡಿಕೊಳ್ಳಬೇಕು. ಫೀಸು ಒಬ್ಬರಿಗೆ ಸಾಲುವಷ್ಟೇ ಇದ್ದರೂ ಹಾಗೆಯೇ. ಅಜ್ಜಿಗೆ ಕಾಯಿಲೆಯಾದರೆ ಶಾಲೆ ತಪ್ಪಿಸುವವಳು ಯಾರೆಂದು ನಮ್ಮ ಹಾಜರಿ ಪುಸ್ತಕಕ್ಕೆ ತಿಳಿದಿದೆ. ತರುವಾಯ ಹೆಣ್ಣು ನೋಡುವ ಕಾಲ ಬಂದಾಗ, ಹುಡುಗಿ ಏನು ಓದಿದ್ದಾಳೆಂಬುದರ ಬೆನ್ನಿಗೇ ‘ಅಡ್ಜಸ್ಟ್ ಮಾಡಿಕೊಂಡು ಹೋಗುವವಳೋ?’ ಎಂಬ ಪ್ರಶ್ನೆ ಬರುತ್ತದೆ. ಇದೇ ಪ್ರಶ್ನೆಯನ್ನು ವರನ ವಿಷಯದಲ್ಲಿ ಯಾರಾದರೂ ಕೇಳಿದ್ದನ್ನು ನಾವು ಇದುವರೆಗೆ ಕಂಡಿಲ್ಲ.

‘ಹೊಂದಿಕೊಂಡು ಹೋಗು’ ಎಂಬ ಬುದ್ಧಿವಾದ ಹಿಂದಿನಿಂದಲೂ ಇತ್ತಲ್ಲ, ಇಂಗ್ಲಿಷು ಪದವನ್ನೇಕೆ ದೂರುತ್ತೀರಿ ಎಂದು ಕೇಳಬಹುದು. ಇತ್ತು, ನಿಜ. ಆದರೆ ಅದನ್ನು ಹೇಳುವವರಿಗೆ ತಾವು ಏನು ಕೇಳುತ್ತಿದ್ದೇವೆಂಬ ಅರಿವು ಇರುತ್ತಿತ್ತು. ಹೇಳುತ್ತ ತಾಯಿಯ ಕಣ್ಣು ಒದ್ದೆಯಾಗುತ್ತಿತ್ತು. ‘ಅಡ್ಜಸ್ಟ್’ ಎಂಬುದಕ್ಕೆ ಆ ತೂಕವಿಲ್ಲ. ಅದರ ಮುಂದೆ ಯಾವಾಗಲೂ ‘ಸ್ವಲ್ಪ’ ಎಂಬುದೊಂದು ಅಂಟಿಕೊಂಡಿರುತ್ತದೆ. ಬಸ್ಸಿನಲ್ಲಿ ನಾಲ್ಕು ಅಂಗುಲ ಸರಿಯುವುದಕ್ಕೂ, ಕಲಿತ ವಿದ್ಯೆಯನ್ನೂ ಹಿಡಿದ ಉದ್ಯೋಗವನ್ನೂ ಬಿಟ್ಟುಕೊಡುವುದಕ್ಕೂ ಒಂದೇ ‘ಸ್ವಲ್ಪ’ ಸಾಕಾಗುತ್ತಿದೆ. ದೊಡ್ಡದನ್ನು ಕೇಳುತ್ತಿದ್ದೇವೆಂಬ ಸಂಕೋಚ ಕೇಳುವವರಿಗೆ ಉಳಿಯುವುದಿಲ್ಲ. ಇಷ್ಟು ಚಿಕ್ಕದನ್ನೂ ಮಾಡಲಾರೆನೇ ಎಂಬ ನಾಚಿಕೆ ಮಾತ್ರ ಹುಡುಗಿಗೆ ಉಳಿಯುತ್ತದೆ.

ಹಾಗೆಂದು ಈ ಪದಕ್ಕೆ ಬಹಿಷ್ಕಾರ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಕೂಸನ್ನೆತ್ತಿಕೊಂಡ ತಾಯಿಗೆ ಜಾಗವಾಗುವುದು ಈ ಮಾತಿನಿಂದಲೇ. ಒಳ್ಳೆಯ ಸಂಸಾರಗಳಲ್ಲಿ ಅತ್ತೆಯೂ ಸೊಸೆಯೂ ಗಂಡನೂ ದಿನದಿನವೂ ಒಬ್ಬರಿಗೊಬ್ಬರು ಸರಿದುಕೊಂಡು ಬಾಳುತ್ತಾರೆ. ಅಂಥ ಮನೆಗಳಲ್ಲಿ ಈ ಪದ ಕೇಳಿಬರುವುದು ಅಪರೂಪವೆಂಬುದು ಬೇರೆ ಮಾತು. ರಾಜಕೀಯದವರು ‘ಅಡ್ಜಸ್ಟ್‌ಮೆಂಟ್’ ಎಂದರೆ ಒಳಒಪ್ಪಂದವೆಂದೇ ಅರ್ಥ ಮಾಡಿಟ್ಟಿದ್ದಾರೆ. ಆ ವಿಷಯ ನಮಗೆ ಬೇಡ. ಆದರೆ ಅಲ್ಲಿಯೂ ಎರಡು ಕಡೆಯವರಿಗೆ ಏನಾದರೂ ಸಿಕ್ಕದೆ ಅಡ್ಜಸ್ಟ್‌ಮೆಂಟು ನಡೆಯುವುದಿಲ್ಲ.

ಹೊಂದಿಕೊಳ್ಳತಕ್ಕವು ಕೆಲವು, ಹೊಂದಿಕೊಳ್ಳಬಾರದವು ಕೆಲವು. ಅಡಿಗೆಯ ಉಪ್ಪುಖಾರ, ಏಳುವ ಹೊತ್ತು, ನೆಂಟರ ಬರವುಹೋಗು ಇವು ಮೊದಲಿನ ಜಾತಿ. ವರದಕ್ಷಿಣೆಯನ್ನು ಕೇಳುವುದೂ ಕೊಡುವುದೂ ೧೯೬೧ರ ಕಾಯಿದೆಯಂತೆ ಅಪರಾಧ. ಅದಕ್ಕೆ ಹೊಂದಿಕೊಳ್ಳುವುದೆಂಬುದೇ ಇಲ್ಲ. ಹದಿನೆಂಟು ತುಂಬದ ಹುಡುಗಿಯ ವಿವಾಹವನ್ನು ೨೦೦೬ರ ಕಾಯಿದೆ ನಿಷೇಧಿಸಿದೆ. ಮನೆಯೊಳಗಿನ ದೌರ್ಜನ್ಯದಿಂದ ಸ್ತ್ರೀಯರನ್ನು ರಕ್ಷಿಸುವ ೨೦೦೫ರ ಕಾಯಿದೆಯು ಹೊಡೆತವನ್ನು ಮಾತ್ರ ದೌರ್ಜನ್ಯವೆಂದು ಎಣಿಸಿಲ್ಲ. ಬೈಗುಳ, ಹೀಯಾಳಿಕೆ, ಖರ್ಚಿಗೆ ಹಣ ಕೊಡದಿರುವುದು ಇವೂ ಅದರಲ್ಲಿ ಸೇರಿವೆ. ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆಯೆಂದೂ ಅದೇ ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಹತ್ತನೆಯ ತರಗತಿ ದಾಟಿದ ಹುಡುಗಿಗೆ ಲಘುಗುರು ಹಾಕಿ ಛಂದಸ್ಸು ಬಿಡಿಸುವುದು ಬರುತ್ತದೆ. ಈ ಮೂರು ಕಾಯಿದೆಗಳ ಹೆಸರು ಬಾರದಿದ್ದರೆ ಅದು ಶಾಲೆಗೂ ಮನೆಗೂ ಗೌರವವಲ್ಲ. ಆದುದರಿಂದ ಒಂಬತ್ತನೆಯ ತರಗತಿಯಿಂದಲೇ ವಾರಕ್ಕೊಂದು ಪೀರಿಯಡ್ಡನ್ನು ಇದಕ್ಕಾಗಿ ಇಡುವುದು ಯುಕ್ತವೆಂದು ನಾವು ಅಭಿಪ್ರಾಯಪಡುತ್ತೇವೆ.

ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಮಗಳು ಗಂಡನ ಮನೆಯಿಂದ ಫೋನು ಮಾಡಿ ಮಾತಿಗೆ ತಡವರಿಸಿದರೆ, ಆ ಇಂಗ್ಲಿಷು ಪದವನ್ನು ಉಚ್ಚರಿಸುವುದಕ್ಕೆ ಮುಂಚೆ ಆಕೆ ಹೇಳುವುದನ್ನು ಪೂರ್ತಿಯಾಗಿ ಕೇಳಿರಿ. ಯಾವುದಕ್ಕೆ ಹೊಂದಿಕೊಳ್ಳಬೇಕಾಗಿದೆ, ಎಷ್ಟು ದಿನ, ಆ ಕಡೆಯವರು ಯಾವುದಕ್ಕೆ ಹೊಂದಿಕೊಂಡರು ಎಂದು ವಿಚಾರಿಸಿರಿ. ಊರಿನವರು ಏನೆನ್ನುವರೋ ಎಂಬುದನ್ನು ಆಮೇಲೆ ಯೋಚಿಸಬಹುದು.

ಪೂರ್ವವಿದ್ಯಾರ್ಥಿನಿಯರಿಗೂ ಒಂದು ಸೂಚನೆ. ಮದುವೆಯಾಗಿ ಹೋಗುವಾಗ ಅಂಕಪಟ್ಟಿಗಳನ್ನು ಸೀರೆಯ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು ಹೋಗಿರಿ. ಕಳೆದುಹೋಗಿದ್ದರೆ, ಅಥವಾ ಬೇರೆಯವರ ಬೀರುವಿನಲ್ಲಿದ್ದು ಕೈಗೆ ಬಾರದಿದ್ದರೆ, ಶಾಲೆಯ ಕಚೇರಿಗೆ ಯಾವ ಕೆಲಸದ ದಿನವಾದರೂ ಬನ್ನಿರಿ. ವ್ಯಾಸಂಗ ಪ್ರಮಾಣಪತ್ರವನ್ನು ಬರೆದುಕೊಡುವುದೂ ಪರೀಕ್ಷಾ ಮಂಡಲಿಗೆ ಅರ್ಜಿ ಬರೆಯಲು ನೆರವಾಗುವುದೂ ನಮ್ಮ ಕೆಲಸ. ಅದು ನಿಮಗೆ ಏತಕ್ಕೆ ಬೇಕೆಂದು ನಾವು ಕೇಳುವುದಿಲ್ಲ.